ಡ್ರಿಲ್ ಮೇಷ್ಟ್ರ ಅಣ್ಣ

ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಮಾಧ್ಯಮಿಕ ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಡ್ರಿಲ್ ಮೇಷ್ಟ್ರಾಗಿದ್ದ ಚೆಲುವರಾಜು ಅವರು ತಮ್ಮ ಅಣ್ಣನ ಸಂಗತಿಯನ್ನು ನನಗೆ ಹೇಳಿದ್ದು 1968ರ ಬೇಸಿಗೆಯಲ್ಲಿ, ನಮ್ಮ ಮೂರನೆಯ ಭೇಟಿಯಲ್ಲಿ. ಮೊದಲ ಎರಡು ದಿನ ಅವರು ಕವಾಯತು, ಪಂದ್ಯ, ಬಹುಮಾನಗಳ ಬಗ್ಗೆ ಮಾತ್ರ ಮಾತನಾಡಿದ್ದರು. ಮೂರನೆಯ ದಿನ ಕಾಫಿ ತಂದಿಟ್ಟ ಅವರ ಹೆಂಡತಿ ಲಕ್ಷ್ಮಮ್ಮ, "ಭಾವನ ವಿಷಯ ಹೇಳಿದ್ರಾ?" ಎಂದಷ್ಟೇ ಕೇಳಿ ಒಳಗೆ ಹೋದರು. ಚೆಲುವರಾಜು ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು. ಮುಂದಿನದು ಅವರು ಹೇಳಿದಂತೆ ಇದೆ. ತಿಂಗಳು, ವರ್ಷ ತಪ್ಪಿದ ಕಡೆ ಲಕ್ಷ್ಮಮ್ಮನವರು ತಿದ್ದಿದ್ದಾರೆ.

ಅಣ್ಣ ರಾಮಯ್ಯನವರು ಮೈಸೂರಿನ ಪಕ್ಕದ ಹಿನಕಲ್‌ನವರು. ತಮ್ಮನಿಗಿಂತ ಹದಿನಾರು ವರ್ಷ ದೊಡ್ಡವರು. ತಂದೆ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿ, ಪ್ರತಿದಿನ ನಸುಕಿನಲ್ಲಿ ಹಾಲಿನ ಕ್ಯಾನು ಹಿಡಿದು ಪಟ್ಟಣಕ್ಕೆ ನಡೆದು ಬಂದು, ಎಂಟು ಮನೆಗಳಿಗೆ ವರ್ತನೆ ಹಾಲು ಹಾಕಿ ತಮ್ಮನನ್ನು ಓದಿಸಿದರು. ಹೆಂಡತಿ ಸತ್ತಿದ್ದರು, ಮಕ್ಕಳಿರಲಿಲ್ಲ. ಐವತ್ತೆಂಟು ದಾಟಿದ ಮೇಲೆ ಅವರಿಗೆ ಯಾರೂ ಇಲ್ಲದ ಕಡೆ ಮಾತು ಕೇಳಿಸತೊಡಗಿತು. ಕೊಟ್ಟಿಗೆಯಲ್ಲಿ ಅಡಗಿ ಕೂತರು, ಅನ್ನ ಬಿಟ್ಟರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳಿದ್ದು, 1957ರ ಆಷಾಢದಲ್ಲಿ ತಮ್ಮನ ಮನೆಗೆ ಬಂದಾಗ ಅವರಿಗೆ ಅರವತ್ತೆರಡು. ಹಿತ್ತಿಲ ಕೋಣೆಯಲ್ಲಿ ಚಾಪೆಯ ಮೇಲೆ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ.

ಮೈಸೂರಿನಲ್ಲಿ ಅವರನ್ನು ನೋಡುತ್ತಿದ್ದ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು: "ಮಾತ್ರೆ ತಲೆಗೆ. ಕಾಲಿಗೆ ನೀವೇ ಔಷಧಿ. ದಿನಾ ನಡೆಸಿ. ಹೀಗೇ ಕೂತರೆ ವರ್ಷದೊಳಗೆ ಹಾಸಿಗೆ ಹಿಡೀತಾರೆ."

"ನಾನು ಡ್ರಿಲ್ ಮೇಷ್ಟ್ರು. ಇದೇನು ದೊಡ್ಡ ಕೆಲಸ ಅಂದುಕೊಂಡೆ," ಎಂದರು ಚೆಲುವರಾಜು.

ಮರುದಿನ ಬೆಳಿಗ್ಗೆ ಅವರು ಹಿತ್ತಿಲಲ್ಲಿ ಅಣ್ಣನನ್ನು ನಿಲ್ಲಿಸಿ ಸೀಟಿ ಊದಿದರು. ಲೆಫ್ಟ್, ರೈಟ್ ಎಂದರು. ರಾಮಯ್ಯ ಕೈ ಬಿಗಿಹಿಡಿದು, ಗದ್ದ ಎತ್ತಿ, ಹೇಳಿದ್ದನ್ನೆಲ್ಲ ಮಾಡಿದರು. ಲಕ್ಷ್ಮಮ್ಮ ಬಾಗಿಲ ಹಿಂದಿನಿಂದಲೇ, "ಏನ್ರೀ ಇದು? ತಂದೆ ಸಮಾನ ಇರೋರನ್ನ ಇಸ್ಕೂಲ್ ಹುಡುಗರ ಥರ ಕುಣಿಸ್ತೀರಲ್ಲ, ನಿಮಗೆ ಹೆಂಗೆ ಮನಸ್ಸು ಬಂತು?" ಎಂದರು. ಬಾಗಿಲ ಹಿಂದಿನಿಂದ ಎಂದು ನಾನು ಬರೆಯಲು ಕಾರಣವಿದೆ. ಗಂಡನ ಅಣ್ಣನ ಎದುರು ನಿಂತು ಮಾತನಾಡುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಮದುವೆಯಾಗಿ ಹದಿನೈದು ವರ್ಷವಾದರೂ ಅವರು ಭಾವನಿಗೆ ಮುಖ ಕೊಟ್ಟು ಮಾತನಾಡಿರಲಿಲ್ಲ.

ಸೀಟಿಯ ಕ್ರಮ ನಾಲ್ಕೇ ದಿನಕ್ಕೆ ನಿಂತಿತು. ಐದನೆಯ ದಿನ ಚೆಲುವರಾಜು ಅಟ್ಟದ ಮೇಲಿದ್ದ ಅಣ್ಣನದೇ ಹಳೆಯ ಹಾಲಿನ ಕ್ಯಾನನ್ನು ಇಳಿಸಿ ಅವರ ಕೈಗೆ ಕೊಟ್ಟರು. ರಾಮಯ್ಯ ಅದನ್ನು ಅಲ್ಲಾಡಿಸಿ ನೋಡಿದರು. ಅನಂತರ ಯಾರೂ ಹೇಳದೆಯೇ ಎದ್ದು ಬಾಗಿಲ ಕಡೆ ನಡೆದರು. ಅಂದಿನಿಂದ ದಿನವೂ ಅಣ್ಣ ತಮ್ಮ ಇಬ್ಬರೂ ಜೋಡಿಯಾಗಿ ದೊಡ್ಡಕೆರೆ ಮೈದಾನದವರೆಗೆ ಹೋಗಿ ಬರುತ್ತಿದ್ದರು. ಒಂದು ತಿಂಗಳಲ್ಲಿ ರಾಮಯ್ಯನವರ ಹೆಜ್ಜೆ ಬಲಿಯಿತು, ಹಸಿವು ಮರಳಿತು, "ಮಳೆ ಬತ್ತದೆ" ಎನ್ನುವಷ್ಟು ಮಾತೂ ಬಂತು.

ಆದರೆ ಚೆಲುವರಾಜು ಆರಿಸಿಕೊಂಡಿದ್ದು ಬೀದಿಯಲ್ಲಿ ಜನ ಓಡಾಡದ ಹೊತ್ತನ್ನು. ಆ ಎಚ್ಚರವೂ ಒಂದು ಭಾನುವಾರ ತಪ್ಪಿತು. ಮೈದಾನದ ಅಂಚಿನಲ್ಲಿ ಅವರ ಹೆಡ್‌ಮಾಸ್ಟರ್ ಶಿವಲಿಂಗಯ್ಯ ಎದುರಾದರು.

"ಏನ್ರೀ ಚೆಲುವರಾಜು, ಭಾನುವಾರವೂ ಡ್ರಿಲ್ಲೇ? ಇವರು ಯಾರು?"

"ನಮ್ಮ ಊರ ಕಡೆಯವರು ಸಾರ್. ಮನೆಗೆ ಹಾಲು ಹಾಕ್ತಾರೆ."

ಈ ಎರಡು ವಾಕ್ಯಗಳನ್ನು ಅವರು ನನಗೆ ಎರಡು ಸಲ ಹೇಳಿದರು. ಕ್ಯಾನು ಕೈಯಲ್ಲೇ ಇತ್ತು, ಸುಳ್ಳು ಸಲೀಸಾಗಿ ಬಂತು ಎಂದರು. ಅಣ್ಣನ ಕಾಯಿಲೆ ಗೊತ್ತಾದರೆ ಮಗಳ ಮದುವೆಗೆ ಅಡ್ಡಿಯಾಗಬಹುದೆಂಬ ಭಯವಿತ್ತೇ ಎಂದು ನಾನು ಕೇಳಿದೆ. "ಅವಳಿಗೆ ಆಗ ಒಂಬತ್ತು ವರ್ಷ. ನನಗೆ ಒಂದು ನೆಪ ಕೂಡ ಇರಲಿಲ್ಲ," ಎಂದರು.

ಶಿವಲಿಂಗಯ್ಯ ಇಬ್ಬರನ್ನೂ ನೋಡಿ, "ಸರಿ, ಸರಿ" ಎಂದು ಮುಂದೆ ಹೋದರು. ರಾಮಯ್ಯ ಕ್ಯಾನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ಅಲ್ಲಿಂದ ಮನೆಯವರೆಗೂ ತಮ್ಮನ ಹತ್ತು ಹೆಜ್ಜೆ ಹಿಂದೆಯೇ ನಡೆದರು. ಮನೆ ಬಂದಾಗ ಜಗಲಿಯ ಕೆಳಗೆ ನಿಂತು, "ತಾಯೀ, ಆಲು" ಎಂದು ಕೂಗಿದರು.

ಲಕ್ಷ್ಮಮ್ಮ ಹೊರಗೆ ಬಂದು ಖಾಲಿ ಕ್ಯಾನು ಕಂಡರು. "ಒಳಗೆ ಬರೋಕೆ ಹೇಳಿ ಅವರಿಗೆ," ಎಂದು ಗಂಡನಿಗೆ ಹೇಳಿದರು. ಗಂಡ ಕರೆದರು, ಕೈ ಹಿಡಿದು ಎಳೆದರು. ರಾಮಯ್ಯ ಹೊಸಿಲು ದಾಟಲಿಲ್ಲ. ಅಂದಿನಿಂದ ಊಟ, ನಿದ್ದೆ ಎಲ್ಲವೂ ಜಗಲಿಯ ಮೇಲೆಯೇ. ನಡಿಗೆಗೂ ಏಳಲಿಲ್ಲ. ಹನ್ನೆರಡು ದಿನಕ್ಕೆ ಪಾದ ಊದಿ, ಮೊಣಕಾಲು ಮಡಚಲು ಬಾರದಾಯಿತು. ಮನೆಗೇ ಬಂದು ನೋಡಿದ ವೈದ್ಯರು ನಡಿಗೆ ಏಕೆ ನಿಲ್ಲಿಸಿದಿರಿ ಎಂದು ಕೇಳಿದಾಗ ಚೆಲುವರಾಜು, "ಅವರೇ ಒಲ್ಲೆ ಅಂದರು" ಎಂದರು.

ವೈದ್ಯರು ಹೋದ ಮೇಲೆ ಲಕ್ಷ್ಮಮ್ಮ, "ಆವತ್ತು ದಾರೀಲಿ ಏನಾಯ್ತು, ನಿಜ ಹೇಳಿ" ಎಂದು ಪಟ್ಟು ಹಿಡಿದರು. ನಡೆದದ್ದನ್ನು ಕೇಳಿದ ಮೇಲೆ ಬೈಯಲಿಲ್ಲ. ಸೆರಗು ಹೊದ್ದು, ಕ್ಯಾನು ಎತ್ತಿಕೊಂಡು ಹೊರಗೆ ಹೋಗಿ, ಭಾವನ ಎದುರೇ ನಿಂತರು.

"ಭಾವ, ವರ್ತನೆ ಮನೆಯೋರು ಕಾಯ್ತಾವ್ರೆ. ಏಳಿ."

ರಾಮಯ್ಯ ಗೋಡೆ ಹಿಡಿದು ಎದ್ದರು. ಎದುರು ಮನೆಯ ದೇವಿರಮ್ಮ ಕೂಗಿದರು: "ಏನ್ ಲಕ್ಷ್ಮಮ್ಮ, ಭಾವನ್ನ ಮೇಯಿಸ್ಕೊಂಡು ಬರಾಕೆ ಹೊಂಟ್ಯಾ?"

"ಹ್ಞೂ ಕಣಮ್ಮ, ನಮ್ಮನೆ ಗಂಡಸರಿಗೆ ಪುರುಸೊತ್ತಿಲ್ಲ. ನೀನೂ ಬಾ, ಸೊಂಟ ನೋವಾದ್ರೂ ಬುಟ್ಟೋಗ್ತದೆ."

ಮೊದಲ ದಿನ ಬೀದಿಯ ಕೊನೆಯವರೆಗೆ, ವಾರದ ಹೊತ್ತಿಗೆ ಮೈದಾನದವರೆಗೆ. ಮುಂದೆ ಭಾವ, ಎರಡು ಮಾರು ಹಿಂದೆ ಲಕ್ಷ್ಮಮ್ಮ. ಚೆಲುವರಾಜು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದರು. ಎಂಟನೆಯ ದಿನ ಶಾಲೆಯಲ್ಲಿ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಆವತ್ತು ಹೇಳಿದ್ದು ಸುಳ್ಳು, ಅವರು ತಮ್ಮ ಸ್ವಂತ ಅಣ್ಣ ಎಂದರು.

"ಗೊತ್ತಿತ್ತು ಕಣ್ರೀ," ಎಂದರು ಶಿವಲಿಂಗಯ್ಯ. "ಹಣೆ, ಮೂಗು ಎರಡೂ ಅಚ್ಚು ಹಾಕಿದ ಹಾಗಿವೆಯಲ್ಲ. ನೀವಾಗಿ ಹೇಳಲಿ ಅಂತ ಸುಮ್ಮನಿದ್ದೆ."

"ಬೈದಿದ್ದರೆ ಚೆನ್ನಾಗಿತ್ತು," ಎಂದು ಚೆಲುವರಾಜು ನನ್ನೊಡನೆ ಹೇಳಿದರು.

ಮರುದಿನದಿಂದ ಅವರೂ ನಡಿಗೆಗೆ ಸೇರಿದರು, ಜನ ಓಡಾಡುವ ಹೊತ್ತಿನಲ್ಲಿಯೇ. ಒಂದು ಸಂಜೆ ಶಿವಲಿಂಗಯ್ಯ ಮತ್ತೆ ಎದುರಾದಾಗ, ದಾರಿಯಲ್ಲಿದ್ದ ನಾಲ್ಕು ಜನಕ್ಕೂ ಕೇಳುವಂತೆ, "ನಮ್ಮಣ್ಣ ಸಾರ್, ರಾಮಯ್ಯ ಅಂತ. ನನ್ನನ್ನು ಸಾಕಿದವರು ಇವರೇ" ಎಂದರು. ಹೆಡ್‌ಮಾಸ್ಟರು ಕೈ ಮುಗಿದರು. ರಾಮಯ್ಯ ರಸ್ತೆಯ ಪಕ್ಕಕ್ಕೆ ಸರಿದು ನಿಂತರು. ಹೆಡ್‌ಮಾಸ್ಟರು ದಾಟಿ ಹೋಗುವವರೆಗೂ ಕಾದು, ತಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಅಂಗನ್ನಬ್ಯಾಡಿ ಮೇಷ್ಟ್ರೆ. ಆಲು ಆಕೋನ್ನ ಅಣ್ಣ ಅಂದ್ರೆ ನಿಮ್ಮ ಮರ್ವಾದೆ ಓಯ್ತದೆ."

ರಾಮಯ್ಯನವರು 1963ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವಾರ ಮುಂಚಿನವರೆಗೂ ದಿನಕ್ಕೆ ಎರಡು ಮೈಲಿ ನಡೆದರು, ಹಾಸಿಗೆ ಹಿಡಿಯಲಿಲ್ಲ. ಲಕ್ಷ್ಮಮ್ಮ ಕರೆದರೆ ಮನೆಯೊಳಗೂ ಬಂದು ಊಟ ಮಾಡುತ್ತಿದ್ದರು. ಆದರೆ ಆ ಐದೂವರೆ ವರ್ಷ ತಮ್ಮನನ್ನು ಮೇಷ್ಟ್ರೆ ಎಂದಲ್ಲದೆ ಬೇರೆ ಹೆಸರಿನಿಂದ ಕರೆಯಲಿಲ್ಲ.

ಅದಕ್ಕೆ ಮೊದಲು ಏನೆಂದು ಕರೆಯುತ್ತಿದ್ದರು ಎಂದು ನಾನು ಕೇಳಿದೆ. ಚೆಲುವರಾಜು ಆರಿಹೋದ ಕಾಫಿಯ ಲೋಟವನ್ನು ಕೈಗೆತ್ತಿಕೊಂಡರು.

ಒಳಗಿನಿಂದ ಲಕ್ಷ್ಮಮ್ಮನವರು, "ಮಗಾ ಅಂತಿದ್ರು" ಎಂದರು.