ಟ್ರಾಮಿಗೆ ಮರಳು ಹುರಿಯುವ ಮಾನದಾ

ಆಷಾಢದ ಮಳೆ ರಾತ್ರಿಯಿಡೀ ಹೊಡೆದು ಈಗಷ್ಟೇ ಹಿಂದೆಗೆದಿದೆ. ಉತ್ತರ ಕಲ್ಕತ್ತೆಯ ಈ ಟ್ರಾಮ್ ಡಿಪೋದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಸಾಲಾಗಿ ನಿಂತ ಗಾಡಿಗಳ ನೆತ್ತಿಯಿಂದ ನೀರು ತೊಟ್ಟಿಕ್ಕುತ್ತಿದೆ. ಗೇಟಿನ ಬಳಿ ಚಹಾದಂಗಡಿಯವನು ಒಲೆಗೆ ಇದ್ದಿಲು ತುಂಬುತ್ತಿದ್ದಾನೆ. ಅಂಗಳದ ಮೂಲೆಯಲ್ಲಿರುವ ತಗಡಿನ ಚಪ್ಪರದೊಳಗೆ ಆಗಲೇ ಬೆಂಕಿ ಧಗಧಗ ಉರಿಯುತ್ತಿದೆ. ಮೂಗು ಬಾಯಿಗೆ ಕೆಂಪು ಚೌಕಳಿಯ ವಸ್ತ್ರ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಅಗಲವಾದ ಕಬ್ಬಿಣದ ಬಾಣಲೆಯ ಮುಂದೆ ನಿಂತು ಉದ್ದ ಹಿಡಿಕೆಯ ಸಲಿಕೆಯಿಂದ ಏನನ್ನೋ ತಿರುವಿ ಹಾಕುತ್ತಿದ್ದಾಳೆ. ಬಾಣಲೆಯಿಂದ ಹಬೆ ಏಳುತ್ತಿದೆ.

ದೂರದಿಂದ ನೋಡಿದವರು ಮಂಡಕ್ಕಿ ಹುರಿಯುತ್ತಿದ್ದಾಳೆ ಎಂದೇ ತಿಳಿಯುತ್ತಾರೆ. ಹತ್ತಿರ ಹೋದರೆ ಬಾಣಲೆಯಲ್ಲಿ ಒಂದು ಅಕ್ಕಿ ಕಾಳೂ ಇಲ್ಲ. ಇರುವುದು ಬರೀ ಮರಳು.

ಆಕೆಯ ಹೆಸರು ಮಾನದಾ ಖಾಟುವಾ. ವಯಸ್ಸು ಐವತ್ತು ದಾಟಿದೆ. ಡಿಪೋದ ಹುಡುಗರಿಗೆ ಆಕೆ ಬಾಲಿ ಮಾಶಿ, ಅಂದರೆ ಮರಳು ಚಿಕ್ಕಮ್ಮ. ಮೊದಲ ಗಾಡಿ ಹೊರಡುವ ಮುಂಚೆ ಮರಳು ಹುರಿದು, ಆರಿಸಿ, ಜರಡಿ ಹಿಡಿದು, ಬಕೆಟ್ಟಿನಲ್ಲಿ ಹೊತ್ತೊಯ್ದು ಪ್ರತಿ ಟ್ರಾಮಿನ ಮರಳು ಪೆಟ್ಟಿಗೆಗೆ ತುಂಬಬೇಕು. ಇಪ್ಪತ್ತು ವರ್ಷಗಳ ಮೇಲಾಯಿತು, ಇದೇ ಆಕೆಯ ಕೆಲಸ.

ಟ್ರಾಮಿಗೇಕೆ ಮರಳು? ಈ ಊರಿನಲ್ಲಿ ಹುಟ್ಟಿ ಟ್ರಾಮಿನಲ್ಲೇ ಓಡಾಡಿದವರನ್ನು ಕೇಳಿದರೂ ಬಹಳ ಮಂದಿಗೆ ಗೊತ್ತಿಲ್ಲ. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಉರುಳುವ ಗಾಡಿ ಇದು. ಹಳಿ ಒದ್ದೆಯಾದರೆ ಚಕ್ರಕ್ಕೆ ಹಿಡಿತ ತಪ್ಪುತ್ತದೆ. ಆಗ ಚಾಲಕ ಕಾಲಡಿಯ ಪೆಡಲನ್ನು ಒತ್ತುತ್ತಾನೆ. ಪೆಟ್ಟಿಗೆಯಿಂದ ಕೊಳವೆಯ ಮೂಲಕ ಒಂದು ಹಿಡಿ ಮರಳು ಚಕ್ರದ ಮುಂದೆ ಹಳಿಯ ಮೇಲೆ ಬೀಳುತ್ತದೆ, ಚಕ್ರ ಅದನ್ನು ಕಚ್ಚಿಕೊಂಡು ನಿಲ್ಲುತ್ತದೆ. ಮರಳಿನಲ್ಲಿ ತೇವ ಉಳಿದಿದ್ದರೆ ಅದು ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಈ ಹುರಿಯುವಿಕೆ.

"ಬಸ್ಸಿನವರಿಗೆ ಸ್ಟೇರಿಂಗ್ ಇದೆ, ಅತ್ತಿತ್ತ ತಿರುಗಿಸಿ ತಪ್ಪಿಸ್ಕೋತಾರೆ. ನಮಗೇನಿದೆ? ಬ್ರೇಕು, ಗಂಟೆ, ಆಮೇಲೆ ಬೌದಿ ಹುರಿದ ಮರಳು," ಎನ್ನುತ್ತಾನೆ ಚಾಲಕ ಶಶಾಂಕ ಬಾಗ್. ಮಾನದಾಳ ಗಂಡನನ್ನು ಅಣ್ಣ ಎನ್ನುತ್ತಿದ್ದವನು, ಹಾಗಾಗಿ ಆಕೆ ಅವನಿಗೆ ಬೌದಿ, ಅತ್ತಿಗೆ.

ಶಶಾಂಕನನ್ನು ಈ ಮಾರ್ಗದ ಬಗ್ಗೆ ಕೇಳಿದರೆ ನಿಲ್ದಾಣಗಳ ಹೆಸರಿನ ಬದಲು ಜಾರುವ ಜಾಗಗಳನ್ನು ಹೇಳುತ್ತಾನೆ. ಗೇಟು ದಾಟಿದ ಕೂಡಲೇ ಕಾಲುವೆಯ ಸೇತುವೆ. ಹತ್ತುವಾಗ ಚಕ್ರ ನಿಂತಲ್ಲೇ ಸುತ್ತುತ್ತದೆ, ಇಳಿಯುವಾಗ ನಿಲ್ಲು ಎಂದರೂ ನಿಲ್ಲುವುದಿಲ್ಲ. ಅಲ್ಲಿಂದ ಶ್ಯಾಮ್‌ಬಜಾರಿನ ಐದು ರಸ್ತೆಗಳ ಕೂಡಿಗೆಯ ತಿರುವು. ಹಾತಿಬಾಗಾನಿನಲ್ಲಿ ಮೀನು ತೊಳೆದ ನೀರು ಹಳಿಯ ಮೇಲೇ ಹರಿಯುತ್ತದೆ, ಹಿಲ್ಸಾ ಮೀನು ಬರುವ ಕಾಲದಲ್ಲಂತೂ ಹಳಿಗೆ ಎಣ್ಣೆ ಹಚ್ಚಿದ ಹಾಗೆ. ಹೆದುವಾ ಕೊಳದ ಪಕ್ಕದಲ್ಲಿ ಉದುರಿದ ಎಲೆ ಚಕ್ರದಡಿ ಅರೆದು ಲೋಳೆಯಾಗುತ್ತದೆ. ಠಂಠನಿಯಾ ಕಾಳಿ ಗುಡಿಯ ಮುಂದೆ ಒಂದು ಜೋರು ಮಳೆಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ, ಅಲ್ಲಿ ಮರಳಿನಿಂದಲೂ ಏನೂ ಆಗದು, ಗಾಡಿ ನಿಲ್ಲಿಸಿ ಕಾಯಬೇಕು. ಕಾಲೇಜ್ ಸ್ಟ್ರೀಟಿನಲ್ಲಿ ಪುಸ್ತಕ ತಿರುವಿ ಹಾಕುತ್ತ ಹಳಿಯ ಮೇಲೇ ನಡೆಯುವ ಜನ. ಅಲ್ಲಿಂದ ಬೌಬಜಾರ್, ವೆಲ್ಲಿಂಗ್ಟನ್ ತಿರುವು, ಕೊನೆಗೆ ಧರ್ಮತಲಾ.

ಈ ಹಾದಿಯಲ್ಲಿ ಮೊದಲು ಟ್ರಾಮ್ ಎಳೆದದ್ದು ಕುದುರೆಗಳು. ಹಡಗಿನಲ್ಲಿ ತಂದ ದೊಡ್ಡ ಕುದುರೆಗಳಂತೆ, ಇಲ್ಲಿನ ಸೆಕೆ ತಾಳದೆ ಬೇಸಿಗೆಯಲ್ಲಿ ರಸ್ತೆಯಲ್ಲೇ ಕುಸಿಯುತ್ತಿದ್ದವಂತೆ. ಆಮೇಲೆ ತಂತಿ ಬಂತು, ವಿದ್ಯುತ್ತು ಬಂತು, ಎರಡು ಡಬ್ಬಿಯ ಗಾಡಿ ಬಂತು. ಮುಂದಿನ ಡಬ್ಬಿಗೆ ಫ್ಯಾನು, ಹಿಂದಿನದಕ್ಕೆ ಬರೀ ಗಾಳಿ. ಮಾನದಾ ಮರಳು ಹುರಿಯುವ ಚಪ್ಪರದ ಹಿಂದಿನ ಮೋಟುಗೋಡೆ ಹಿಂದೆ ಕುದುರೆ ಲಾಯದ್ದಾಗಿತ್ತು ಎಂದು ಡಿಪೋದ ಹಳಬರು ಹೇಳುತ್ತಾರೆ. ನಿಜವೋ ಸುಳ್ಳೋ, ಆಕೆ ಒದ್ದೆ ಸೀರೆ ಒಣಹಾಕುವುದು ಆ ಗೋಡೆಯ ಮೇಲೆಯೇ. ಕಳೆದ ಕೆಲವು ವರ್ಷಗಳಲ್ಲಿ ಒಂದೊಂದೇ ಮಾರ್ಗ ನಿಂತಿದೆ. ಕೆಲವು ಕಡೆ ಹಳಿಯ ಮೇಲೆ ಡಾಂಬರು ಬಿದ್ದಿದೆ. ಈಗ ಈ ಡಿಪೋದಿಂದ ಹೊರಡುವುದು ಇದೊಂದೇ.

ಮಾನದಾ ಬರ್ಧಮಾನ್ ಕಡೆಯ ಪಲಾಶ್‌ಡಾಂಗಾದವಳು. ಅಮ್ಮ ಊರ ಮನೆಗಳಿಗೆ ಮಂಡಕ್ಕಿ ಹುರಿದುಕೊಡುತ್ತಿದ್ದಳು. ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಸುರಿದು ಕಡ್ಡಿಗಳ ಕಟ್ಟಿನಿಂದ ತಿರುವಿದರೆ ಕ್ಷಣದಲ್ಲಿ ಬಾಣಲೆ ತುಂಬ ಬಿಳಿ ಹೂವು. ಮರಳು ಎಷ್ಟು ಕಾದಿದೆ ಎಂದು ಬಣ್ಣ ನೋಡಿ, ಸದ್ದು ಕೇಳಿ ತಿಳಿಯುವುದನ್ನು ಮಾನದಾ ಕಲಿತದ್ದು ಅಮ್ಮನ ಮಗ್ಗುಲಲ್ಲಿ ಕೂತು. ಮದುವೆಯಾಗಿ ಬಂದದ್ದು ಡಿಪೋದಲ್ಲಿ ಇದೇ ಮರಳು ಕೆಲಸ ಮಾಡುತ್ತಿದ್ದ ಗೌರ್ ಖಾಟುವಾನ ಮನೆಗೆ.

"ನಮ್ಮಮ್ಮ ಕೇಳಿದ್ಲು, ಅಳಿಯಂದ್ರು ಮರಳು ಹುರಿದು ಅದರಲ್ಲಿ ಏನು ಹಾಕ್ತಾರೆ ಅಂತ. ಏನೂ ಹಾಕಲ್ಲಮ್ಮ, ಬರೀ ಮರಳೇ ಅಂದೆ. ಅವಳು ಎರಡು ದಿನ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಹುಚ್ಚನಿಗೆ ಕೊಟ್ಟುಬಿಟ್ವಿ ಅಂದ್ಕೊಂಡಿದ್ಲು," ಎಂದು ಮಾನದಾ ವಸ್ತ್ರದ ಒಳಗೇ ನಗುತ್ತಾಳೆ. ಲಾರಿಯಲ್ಲಿ ಬರುವ ಮರಳು ದಾಮೋದರ್ ನದಿಯದು, ಅವಳ ಊರಿನ ನದಿ. ಮದುವೆ ಮಾಡಿಕೊಟ್ಟ ಮಗಳನ್ನು ನೋಡಲು ತವರೇ ಬಂದ ಹಾಗೆ ಎಂದು ಗಂಡ ರೇಗಿಸುತ್ತಿದ್ದನಂತೆ. ಮರಳಿನ ದೂಳು ಅವನ ಎದೆ ಹಿಡಿಯಿತು. ಕೆಮ್ಮಿ ಕೆಮ್ಮಿ ಹೋದ. ಮಗಳು ಆಗಿನ್ನೂ ಚಿಕ್ಕವಳು. ಮಾನದಾ ದಿನಗೂಲಿಯ ಮೇಲೆ ಅದೇ ಸಲಿಕೆ ಹಿಡಿದಳು. ಇವತ್ತಿಗೂ ದಿನಗೂಲಿಯೇ. ಮಗಳು ಹಾತಿಬಾಗಾನಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಮ್ಮನ ಕೆಮ್ಮು ಕೇಳಿದಾಗಲೆಲ್ಲ ಬಿಟ್ಟುಬಿಡು ಎಂದು ಜಗಳ ತೆಗೆಯುತ್ತಾಳೆ.

ಮೂರು ವರ್ಷದ ಹಿಂದೆ ಭಾದ್ರಪದದಲ್ಲಿ ಪಲಾಶ್‌ಡಾಂಗಾದಿಂದ ಫೋನು ಬಂತು, ಅಮ್ಮ ತೀರಿಕೊಂಡಳು ಎಂದು. ಮಾನದಾ ಅಂಗಳದ ಮೇಲ್ವಿಚಾರಕರಿಗೆ ಹೇಳಿ ಹೊರಟಳು. ಅವಳ ಜಾಗಕ್ಕೆ ನಿಂತವನು ಬಿಷ್ಟುಪದ ಮಾಯ್ತಿ. ಟ್ರಾಮ್ ತೊಳೆಯುವ ಹಳೆಯ ಆಳು, ನಿವೃತ್ತಿಗೆ ಒಂದು ವರ್ಷ ಬಾಕಿ. ಗೌರ್ ಸತ್ತಾಗ ಹೆಗಲು ಕೊಟ್ಟವರಲ್ಲಿ ಒಬ್ಬ. ಎರಡು ದಿನ ಬಿಸಿಲು ಬಿದ್ದಿತ್ತು. ಮರಳಿನ ರಾಶಿ ಬೆಳ್ಳಗೆ ಒಣಗಿ ಕಾಣುತ್ತಿತ್ತು. ಬಾಣಲೆ ಕಾಯಿಸುವ ತಾಪತ್ರಯ ಯಾಕೆಂದು ಬಿಷ್ಟು ಹಾಗೆಯೇ ಪೆಟ್ಟಿಗೆಗಳಿಗೆ ತುಂಬಿದ.

ಮಾರನೆಯ ಬೆಳಿಗ್ಗೆ ಮಳೆ. ಶಶಾಂಕನ ಗಾಡಿ ಸೇತುವೆ ಇಳಿಯುತ್ತಿತ್ತು, ಒಳಗೆ ಶಾಲೆಯ ಮಕ್ಕಳು, ಮಾರುಕಟ್ಟೆಗೆ ಹೊರಟವರು. ಬ್ರೇಕು ಹಾಕಿದ, ಚಕ್ರ ಬಿಗಿಯಿತು, ಗಾಡಿ ಮಾತ್ರ ಜಾರುತ್ತಲೇ ಇತ್ತು. ಮರಳಿನ ಪೆಡಲು ಒತ್ತಿದ. ಮತ್ತೆ ಮತ್ತೆ ಒತ್ತಿದ. ಕೆಳಗೆ ಏನೂ ಬೀಳಲಿಲ್ಲ. ಒಂದು ಕಾಲಿನಲ್ಲಿ ಗಂಟೆ ಬಾರಿಸುತ್ತ ಕಿಟಕಿಯಿಂದ ಕೂಗುತ್ತ ಬಂದ. ಸೇತುವೆಯ ಬುಡದಲ್ಲಿ ಎಳನೀರಿನ ಕೈಗಾಡಿ ಹಳಿ ದಾಟುತ್ತಿತ್ತು. ಎಳನೀರಿನವನು ಗಾಡಿ ಬಿಟ್ಟು ಹಾರಿದ. ಟ್ರಾಮ್ ಅದಕ್ಕೆ ಗುದ್ದಿ ನಿಂತಿತು. ಎಳನೀರುಗಳು ರಸ್ತೆ ತುಂಬ ಉರುಳಿದವು. ಒಬ್ಬ ಪ್ರಯಾಣಿಕನ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಗಾಡಿ ಪರೀಕ್ಷೆಯಾಯಿತು. ಬ್ರೇಕು ಸರಿಯಾಗಿತ್ತು, ಮರಳು ಪೆಟ್ಟಿಗೆ ಅಂಚಿನವರೆಗೂ ತುಂಬಿತ್ತು. ಪೆಟ್ಟಿಗೆ ತುಂಬಿದೆ ಎಂದರೆ ಚಾಲಕ ಮರಳು ಬಿಟ್ಟೇ ಇಲ್ಲ ಎಂದಾಯಿತು. ಶಶಾಂಕ ಒತ್ತಿದೆ ಒತ್ತಿದೆ ಎಂದು ಎಷ್ಟು ಹೇಳಿದರೂ ನಂಬುವುದು ಹೇಗೆ? ಅವನನ್ನು ಕೆಲಸದಿಂದ ನಿಲ್ಲಿಸಿದರು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ದಿನಾ ಬೆಳಿಗ್ಗೆ ಖಾಕಿ ತೊಟ್ಟು ಹೊರಟು ಹೆದುವಾ ಕೊಳದ ಮೆಟ್ಟಿಲ ಮೇಲೆ ಕೂತು, ಮಕ್ಕಳು ಈಜು ಕಲಿಯುವುದನ್ನು ನೋಡುತ್ತ ಹೊತ್ತು ಕಳೆದು ಸಂಜೆ ಮನೆಗೆ ಹೋಗುತ್ತಿದ್ದ.

ಮಾನದಾ ಊರಿನಿಂದ ಮರಳಿದವಳಿಗೆ ಚಹಾದಂಗಡಿಯಲ್ಲೇ ಸುದ್ದಿ ತಿಳಿಯಿತು. ನೆಟ್ಟಗೆ ಹೋಗಿ ಮೂಲೆಯಲ್ಲಿ ನಿಲ್ಲಿಸಿದ್ದ ಆ ಗಾಡಿ ಹತ್ತಿ ಪೆಟ್ಟಿಗೆಯ ಮುಚ್ಚಳ ತೆಗೆದು ಕೈ ಇಳಿಸಿದಳು. ಮೇಲೆ ಪುಡಿಪುಡಿ, ಮಣಿಕಟ್ಟು ಮುಳುಗುವಷ್ಟು ಹೋದರೆ ಮುದ್ದೆ.

"ಕೈ ಹಾಕಿದ ಕೂಡ್ಲೇ ಗೊತ್ತಾಯ್ತು. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು," ಎನ್ನುತ್ತಾಳೆ. ಹೇಳಿದರೆ ಬಿಷ್ಟುವಿನ ಪಿಂಚಣಿಗೆ ಕಲ್ಲು. ಹೇಳದಿದ್ದರೆ ಶಶಾಂಕನ ಅನ್ನಕ್ಕೆ ಕಲ್ಲು. ಎರಡು ದಿನ ಬಾಣಲೆಯ ಮುಂದೆ ನಿಂತು ಅದನ್ನೇ ತಿರುವಿ ಹಾಕಿದಳು. ಮೂರನೆಯ ದಿನ ಕಚೇರಿಗೆ ಹೋಗದೆ, ಗಾಡಿ ತೊಳೆಯುತ್ತಿದ್ದ ಬಿಷ್ಟುವಿನ ಬಳಿಗೇ ಹೋದಳು. ಅವನು ಸಿಟ್ಟಾದ. ಮರಳು ಒಣಗಿತ್ತು, ನನ್ನ ಕಣ್ಣಾರೆ ನೋಡಿದ್ದೇನೆ, ನನಗೇ ಪಾಠ ಹೇಳಲು ಬಂದೆಯಾ ಎಂದ. ಮಾನದಾ ವಾದಕ್ಕೆ ನಿಲ್ಲಲಿಲ್ಲ. ನಾಳೆ ಬೆಳಿಗ್ಗೆ ಚಪ್ಪರಕ್ಕೆ ಬಂದು ಚಹಾ ಕುಡಿದು ಹೋಗಿ ಅಣ್ಣ ಎಂದಷ್ಟೇ ಹೇಳಿದಳು.

ಬಂದ. ಹಿಂದಿನ ದಿನವೆಲ್ಲ ಬಿಸಿಲಿತ್ತು, ರಾಶಿ ಅದೇ ಥರ ಬೆಳ್ಳಗಿತ್ತು. ಒಣಗಿದ್ದು ಎಂದು ನಿಮಗೆ ಕಂಡಿದ್ದನ್ನು ನೀವೇ ತುಂಬಿ ಎಂದು ಅವಳು ಬಕೆಟ್ಟು ಕೊಟ್ಟಳು. ಬಿಷ್ಟು ಆರಿಸಿ ಆರಿಸಿ ತಂದು ಕಾದ ಬಾಣಲೆಗೆ ಸುರಿದ. ಸುಯ್ ಎಂದಿತು. ಚಪ್ಪರದ ತಗಡಿನವರೆಗೂ ಹಬೆ ಎದ್ದಿತು. ಹಬೆ ನಿಲ್ಲುವವರೆಗೂ ಬಿಷ್ಟು ಅದನ್ನೇ ನೋಡುತ್ತ ನಿಂತ. ಚಹಾ ಆರಿಹೋಯಿತು.

"ಶಶಾಂಕನ ಮಗಳಿಗೆ ಎಷ್ಟು ವಯಸ್ಸು?" ಎಂದು ಬಿಷ್ಟು ಕೇಳಿದ.

"ಐದು."

ಅವನು ನಲ್ಲಿಯ ಬಳಿ ಹೋಗಿ ಕೈಕಾಲು ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು ಕಚೇರಿಯ ಕಡೆ ಹೊರಟ. ಮಾನದಾ ಹಿಂದೆಯೇ ಓಡಿದಳು. ಕಲಿಸದೆ ಹೋದದ್ದು ನನ್ನದೂ ತಪ್ಪು ಎಂದು ನಾನೂ ಹೇಳುತ್ತೇನೆ ಎಂದಳು.

"ನೀನು ಬಾಯಿ ಮುಚ್ಕೊಂಡು ಬಾ. ಇದು ನನ್ನ ಮಾತು, ನಾನೇ ಆಡ್ತೀನಿ," ಎಂದ ಬಿಷ್ಟು.

ಕಚೇರಿಯಲ್ಲಿದ್ದ ಅಧಿಕಾರಿ ಪೂರ್ತಿ ಕೇಳಿದರು, ತಾವೇ ಬಂದು ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿದರು. ದುರ್ಗಾಪೂಜೆಗೆ ಮುಂಚೆ ಶಶಾಂಕ ಮತ್ತೆ ಗಾಡಿ ಹತ್ತಿದ. ಬಿಷ್ಟುವಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಮರುವರ್ಷ ಹಾರ ಹಾಕಿಸಿಕೊಂಡೇ ನಿವೃತ್ತನಾದ. ಕೆಲಸಕ್ಕೆ ಮರಳಿದ ದಿನ ಶಶಾಂಕ ಚಪ್ಪರದ ಬಾಗಿಲಲ್ಲಿ ಬಂದು ನಿಂತನಂತೆ. ಮಾನದಾ ಹಸಿಮೆಣಸು, ಸಾಸಿವೆ ಎಣ್ಣೆ ಹಾಕಿ ಕಲೆಸಿದ ಮಂಡಕ್ಕಿಯ ಬಟ್ಟಲನ್ನು ಮುಂದೆ ತಳ್ಳಿದಳು. ಇಬ್ಬರೂ ತಿಂದರು.

ಬಿಷ್ಟುವಿಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಈಗ ದಿನಾ ಬೆಳಿಗ್ಗೆ ಬಂದು ಗೋಣಿಚೀಲದ ಮೇಲೆ ಕೂತು ಜರಡಿ ಹಿಡಿಯುತ್ತಾನೆ, ಸಂಬಳವಿಲ್ಲ. ಕೊಳವೆಗೆ ಸಿಕ್ಕುವ ಒಂದು ಕಲ್ಲಿನ ಚೂರನ್ನೂ ಬಿಡುವುದಿಲ್ಲ. ನೀವು ಹೀಗೆ ಜರಡಿ ಹಿಡಿದರೆ ಟ್ರಾಮಿನ ಬದಲು ಎತ್ತಿನ ಗಾಡಿಯೇ ಹೊರಡಬೇಕು ಎಂದು ಮಾನದಾ ಬೈಯುತ್ತಾಳೆ. ನಿನ್ನ ಗಂಡ ಹೇಗೆ ತಾಳಿಕೊಂಡನೋ ಎಂದು ಅವನು ಗೊಣಗುತ್ತಾನೆ.

ಈ ಮಾರ್ಗವೂ ನಿಲ್ಲುತ್ತದಂತೆ ಎಂಬ ಮಾತು ವರ್ಷಕ್ಕೊಮ್ಮೆ ಏಳುತ್ತದೆ, ಈ ವರ್ಷವೂ ಎದ್ದಿದೆ. ಮಾನದಾ ಆ ಮಾತಿಗೆ ಕಿವಿಗೊಡುವುದಿಲ್ಲ, ಕೇಳಿಸಿಕೊಂಡರೆ ಸಲಿಕೆ ಹಿಡಿದ ಕೈ ಸೋಲುತ್ತದೆ ಎನ್ನುತ್ತಾಳೆ. ಏನಾದರೂ ಆಸೆ ಇದೆಯೇ ಎಂದರೆ ಮಳೆಯಲ್ಲಿ ಟ್ರಾಮ್ ಹತ್ತಬೇಕು ಎನ್ನುತ್ತಾಳೆ. ಮಳೆ ಬಂದರೆ ಬಾಣಲೆಯ ಮುಂದೆ ಇರಲೇಬೇಕಾದವಳು. ಮಳೆಯಲ್ಲಿ ತನ್ನ ಮರಳು ಹಳಿಗೆ ಬೀಳುವುದನ್ನು ಒಮ್ಮೆಯೂ ಕಂಡಿಲ್ಲ.

ಗೋಣಿಯ ಮೇಲಿದ್ದ ಬಿಷ್ಟು ಜರಡಿ ಕೆಳಗಿಟ್ಟು, ಹಾಗಿದ್ದರೆ ಇವತ್ತೇ ಹೋಗು, ಬಾಣಲೆ ನಾನು ನೋಡಿಕೊಳ್ಳುತ್ತೇನೆ ಎಂದ.

"ನೀವಾ?" ಎಂದಳು ಮಾನದಾ.

"ಹಬೆ ನಿಲ್ಲೋವರೆಗೂ ಕದಲಲ್ಲ. ಹೋಗು."

ಮುಖ ತೊಳೆದು, ಸೀರೆ ಬದಲಿಸಿ, ಶಶಾಂಕನ ಬೆನ್ನ ಹಿಂದಿನ ಹೆಂಗಸರ ಸೀಟಿನಲ್ಲಿ ಕೂತಿದ್ದಾಳೆ. ಮಳೆ ಮತ್ತೆ ಹಿಡಿದಿದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು, ಮಡಿಲಲ್ಲಿ ದಾಸವಾಳದ ಬುಟ್ಟಿ, ಕಾಳಿ ಗುಡಿಗೆ ಹೊರಟವರು. ಗಾಡಿ ಸೇತುವೆಯ ನೆತ್ತಿ ಮುಟ್ಟಿ ಇಳಿಯತೊಡಗುತ್ತದೆ. ಶಶಾಂಕನ ಕಾಲು ಪೆಡಲಿನ ಮೇಲೆ ಹೋಗುತ್ತದೆ. ನೆಲದಡಿ ಏನೋ ಸರ್ರನೆ ಸುರಿದ ಸದ್ದು, ಅದರ ಹಿಂದೆಯೇ ಕಬ್ಬಿಣ ಕಬ್ಬಿಣದ ನಡುವೆ ಕಾಳು ಅರೆದ ಹಾಗೆ ಕರಕರ. ಗಾಡಿ ನಡಿಗೆ ತಗ್ಗಿಸಿ ಅಳುಕದೆ ಇಳಿಯುತ್ತದೆ.

ಪಕ್ಕದವರು ಮುಖ ಕಿವುಚಿ, "ಏನಮ್ಮ ಇದು ಸದ್ದು? ಹಲ್ಲೆಲ್ಲ ಜುಂ ಅಂತಿದೆ," ಎನ್ನುತ್ತಾರೆ.

ಮಾನದಾ ಕಾಲಡಿಯ ಹಲಗೆಯನ್ನೇ ನೋಡುತ್ತ ಕೇಳಿಸಿಕೊಳ್ಳುತ್ತಾಳೆ. ಸದ್ದು ಪೂರ್ತಿ ನಿಂತ ಮೇಲೆ ಅವರ ಕಡೆ ತಿರುಗುತ್ತಾಳೆ.

"ಅದು ನಾನು, ಮಾಶಿಮಾ."