ಬಿಕರ್ನಕಟ್ಟೆಯ ಮೇಣದಬತ್ತಿ

ದೇವರು ಮನುಷ್ಯನ ಭಯಕ್ಕೆ ಹುಟ್ಟಿದವ ಎಂದ ತತ್ವಜ್ಞಾನಿಗಳನ್ನು ಕಾಲೇಜಿನಲ್ಲಿ ಪಾಠ ಮಾಡುವವ ನಾನು. ಮನೆಯವರು ಸಂಜೆ ಜಪಸರ ಹಿಡಿದು ಮೊಣಕಾಲೂರಿದರೆ ನಾನು ಪೇಪರ್ ಬಿಡಿಸಿ ಕೂರುತ್ತೇನೆ. ಅದರಲ್ಲೊಂದು ಜಂಬವೂ ಉಂಟು.

ಕಳೆದ ಗುರುವಾರ ಬೆಳಿಗ್ಗೆ ಅಮ್ಮನನ್ನು ಐಸಿಯುಗೆ ಸೇರಿಸಿದೆವು. ಸಂಜೆ ನಾನು ಬಿಕರ್ನಕಟ್ಟೆಯ ಚರ್ಚಿನಲ್ಲಿ, ಬಾಲಯೇಸುವಿನ ಎದುರು ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತಿದ್ದೆ.

"ಸರ್, ನೀವು ಇಲ್ಲಿ?" ಎದುರಿಗೆ ನನ್ನ ಕ್ಲಾಸಿನ ಹುಡುಗಿ.

ಮೇಣದಬತ್ತಿಯನ್ನು ಬೆನ್ನ ಹಿಂದೆ ಸರಿಸಿದೆ. ಥೂ, ಎಂತ ಜನ ನಾನು. "ನನಗೆಂತ ಇದೆಲ್ಲ. ಅಮ್ಮನನ್ನು ಕರ್ಕೊಂಡು ಬಂದದ್ದು" ಎಂದೆ.

ಅವಳಿಗೆ ಖುಷಿಯಾಯಿತು. "ಹೌದಾ ಸರ್? ಎಲ್ಲಿದ್ದಾರೆ? ಮಾತಾಡಿಸ್ತೇನೆ" ಎಂದು ಜನರ ನಡುವೆ ಕಣ್ಣು ಹಾಯಿಸಿದಳು.

ನಾಚಿಕೆಗೆಟ್ಟು, ನಾನೂ ಅವಳೊಟ್ಟಿಗೆ ಅಮ್ಮನನ್ನು ಹುಡುಕಿದೆ.