ಅಪ್ಪನ ದೋಣಿ ಮುಳುಗಿದ ಕಥೆ

ಎಲ್ಲೆಲ್ಲಿಂದಲೋ ಬಂದು ಹೋದವರ ಮನೆಯ ಗೋಡೆಗಳ ಮೇಲೆ ಗುಳ್ಳೆಯ ಬಲಗೈ ತೂಗುತ್ತಿದೆ. ನೀರಿನಡಿಯ ಫೋಟೋ ಅದು. ಮಾಸ್ಕಿನೊಳಗೆ ಕಣ್ಣರಳಿಸಿದ ಒಬ್ಬ ಗಿರಾಕಿ, ಸುತ್ತ ಪಟ್ಟೆ ಪಟ್ಟೆ ಮೀನು, ಬೆನ್ನ ಹಿಂದೆ ಗಾಳಿಯ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡ ಒಂದು ಕೈ. ಆ ಕೈಗೆ ಸೇರಿದ ಮನುಷ್ಯ ಫೋಟೋದಲ್ಲಿ ಬರಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಗಿರಾಕಿಗೆ ತಾನೇ ಈಜಿದೆ ಅನ್ನಿಸಬೇಕು. ತಾಯಿಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋದ ಹಾಗೆ ಇನ್ನೊಬ್ಬ ತನ್ನನ್ನು ಹೊತ್ತು ತಿರುಗಿಸಿದ ಅಂತ ನೆನಪಾಗಬಾರದು.

ಗುಳ್ಳೆ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಲಿಯಲು ಇಳಿದ ಮೊದಲ ದಿನ ಹೆದರಿಕೆಗೆ ಅದೆಷ್ಟು ಉಸಿರೆಳೆದಿದ್ದನೆಂದರೆ, ಉಳಿದವರ ಸಿಲಿಂಡರಿನಲ್ಲಿ ಅರ್ಧ ಗಾಳಿ ಇರುವಾಗಲೇ ಇವನದು ಖಾಲಿ. ಮೇಲೆ ಕುದಿಯುವ ನೀರನ್ನು ಕಂಡು, ಕಾವಲು ಕೂತವರು "ಕೆಳಗೆ ಯಾರೋ ಸ್ನಾನಕ್ಕೆ ಕಾಯಿಸ್ತಿದ್ದಾರೆ" ಎಂದು ನಕ್ಕರಂತೆ. ಆಮೇಲೆ ಅವನು ಹದವಾಗಿ ಉಸಿರಾಡುವುದನ್ನು ಕಲಿತ, ಎರಡು ಸಲ ನಪಾಸಾಗಿ ಮೂರನೆಯ ಸಲ ಪರೀಕ್ಷೆಯನ್ನೂ ದಾಟಿದ. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ನೆಂಟರು ಕೇಳಿದರೆ 'ಪ್ರವಾಸೋದ್ಯಮದಲ್ಲಿದ್ದೇನೆ' ಅನ್ನುತ್ತಾನೆ. ಪ್ರವಾಸ ಗಿರಾಕಿಯದು, ಉದ್ಯಮ ಮಾಲೀಕನದು. 'ಇದ್ದೇನೆ' ಅನ್ನುವುದಷ್ಟೇ ಇವನದು.

ಕಡಲು ಅಲ್ಲಿ ಒಳಕ್ಕೆ ಸರಿದು ಒಂದು ಕೊಲ್ಲಿಯಾಗಿದೆ. ಎರಡೂ ಕಡೆ ಕಲ್ಲುಗುಡ್ಡಗಳು ಅಡ್ಡ ನಿಂತು ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ನೀರು ಬಾನಿಯಲ್ಲಿ ತುಂಬಿಟ್ಟ ಹಾಗೆ ತೆಪ್ಪಗಿರುತ್ತದೆ. ತಳದಲ್ಲಿ ಹವಳದ ದಿಬ್ಬ. ಹೊಸಬರಿಗೆ ಹೇಳಿ ಮಾಡಿಸಿದ ಜಾಗ. 'ಈಜು ಬರಬೇಕಾಗಿಲ್ಲ, ಉಸಿರಾಡಲು ಬಂದರೆ ಸಾಕು' ಎಂದು ಡೈವಿಂಗ್ ಅಂಗಡಿಯ ಬೋರ್ಡೇ ಹೇಳುತ್ತದೆ. ದಿಬ್ಬದ ಅಂಚಿನಲ್ಲಿ, ಆರು ಮಾರು ಆಳದ ಮರಳಿನ ಮೇಲೆ, ಒಂದು ಮರದ ದೋಣಿ ಪಕ್ಕಕ್ಕೆ ವಾಲಿಕೊಂಡು ಕೂತಿದೆ.

ಅದು ಅಪ್ಪನ ದೋಣಿ.

ಹವಳ ಉಳಿಯಬೇಕೆಂದು ಕೊಲ್ಲಿಯೊಳಗೆ ಬಲೆ ಬೀಸುವುದನ್ನು ಸರ್ಕಾರ ನಿಲ್ಲಿಸಿದಾಗ, ಹೊರಗಿನ ಕಡಲಿಗೆ ಹೋಗುವ ತ್ರಾಣ ದೋಣಿಗೂ ಉಳಿದಿರಲಿಲ್ಲ, ಅಪ್ಪನ ಸೊಂಟಕ್ಕೂ ಉಳಿದಿರಲಿಲ್ಲ. ಡೈವಿಂಗ್ ಅಂಗಡಿಯ ಮಾಲೀಕ ದೋಣಿಯನ್ನು ಕೊಂಡ. ಎಂಜಿನ್ ಕಳಚಿ ಗುಜರಿಗೆ ಹಾಕಿ, ಚುಕ್ಕಾಣಿಯನ್ನು ಅಂಗಡಿಯ ಗೋಡೆಗೆ ಅಲಂಕಾರಕ್ಕೆ ತೂಗುಹಾಕಿ, ಒಳಗೆ ಕಲ್ಲು ತುಂಬಿಸಿ, ತಳಕ್ಕೆ ತೂತು ಹೊಡೆಸಿ, ಒಂದು ಬೆಳಿಗ್ಗೆ ಮುಳುಗಿಸಿದ. ಮುಳುಗಿದ ದೋಣಿ ಇದ್ದರೆ ಮೀನು ಕೂಡುತ್ತವೆ, ಮೀನು ಕೂಡಿದರೆ ಗಿರಾಕಿ ಕೂಡುತ್ತಾರೆ. ದೋಣಿಯ ಹಿಂದೆಯೇ ಅಪ್ಪನಿಗೂ ಅಲ್ಲೊಂದು ಕೆಲಸ ಸಿಕ್ಕಿತು. ಗಿರಾಕಿಗಳು ಬಿಚ್ಚಿ ಎಸೆದ ರಬ್ಬರ್ ಸೂಟುಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ಅದ್ದಿ ತೊಳೆದು ನೆರಳಿನಲ್ಲಿ ನೇತುಹಾಕುವುದು. ಹೆದರಿದವರು ಸೂಟಿನೊಳಗೆ ಏನೇನು ಮಾಡಿಕೊಂಡಿರುತ್ತಾರೆ ಎಂಬುದು ತೊಳೆಯುವವನಿಗೆ ಮಾತ್ರ ಗೊತ್ತು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಪ್ಪ "ಜನರ ಧೈರ್ಯ ತೊಳೀತೀನಿ" ಅನ್ನುತ್ತಿದ್ದ.

ಕಥೆ ಹುಟ್ಟಿದ್ದು ಗುಳ್ಳೆಯ ಬಾಯಲ್ಲಿ. ನೀರಿಗಿಳಿಯುವ ಮೊದಲು ಗಿರಾಕಿಗಳನ್ನು ಬೆಂಚಿನ ಮೇಲೆ ಕೂರಿಸಿ, ಮಾಸ್ಕಿಗೆ ಉಗಿದು ಒರೆಸಿಕೊಳ್ಳಿ, ಕಿವಿ ಒತ್ತಿದರೆ ಮೂಗು ಹಿಡಿದು ಮೆಲ್ಲಗೆ ಊದಿ, ಏನೇ ಆದರೂ ಉಸಿರು ಕಟ್ಟಬೇಡಿ ಎಂದು ಪಾಠ ಹೇಳುವುದು ಅವನ ಕೆಲಸ. ಒಮ್ಮೆ ಒಬ್ಬ ಹೆಂಗಸು ದೋಣಿ ಹೇಗೆ ಮುಳುಗಿತೆಂದು ಕೇಳಿದರು.

"ನಾವೇ ಮುಳುಗಿಸಿದ್ವಿ ಮೇಡಂ, ಕಲ್ಲು ತುಂಬಿ."

"ಯಾರೂ ಸತ್ತಿಲ್ವಾ?"

ಆ ದನಿಯಲ್ಲಿ, ತೂಕದಲ್ಲಿ ಮೋಸವಾಯಿತೇನೋ ಎಂಬ ಅನುಮಾನವಿತ್ತು. ಗುಳ್ಳೆಗೆ ನಾಚಿಕೆಯಾಯಿತು. ಮುಂದಿನ ತಂಡಕ್ಕೆ ಅವನು ಒಂದು ಬಿರುಗಾಳಿ ಎಬ್ಬಿಸಿದ. ಅದರ ಮುಂದಿನ ತಂಡಕ್ಕೆ, ಬಿರುಗಾಳಿಯೊಳಗೆ ಒಬ್ಬ ದೋಣಿಕಾರನನ್ನು ಇಟ್ಟ. ದೋಣಿಕಾರನ ಹೆಣ ಸಿಗಲೇ ಇಲ್ಲ ಅಂದ ದಿನ ಇಡೀ ಬೆಂಚು ಮುಂದಕ್ಕೆ ಬಾಗಿತು. ಒಬ್ಬರು ಕಣ್ಣೊರೆಸಿಕೊಂಡರು, ಹೋಗುವಾಗ ಇವನ ಕೈಯಲ್ಲಿ ಭಕ್ಷೀಸು ತುರುಕಿ ಭುಜ ತಟ್ಟಿದರು. ಸುದ್ದಿ ಮಾಲೀಕನಿಗೆ ಮುಟ್ಟಿತು. "ಗುಳ್ಳೆ, ನಿನ್ನ ತಲೇಲಿ ಗಾಳಿ ಬಿಟ್ಟು ಬೇರೇನೋ ಇದೆ ಕಣೋ" ಎಂದು ಕಥೆಯನ್ನು ಬೋರ್ಡಿನ ಮೇಲೇ ಬರೆಸಿದ.

ಅಪ್ಪ ಸತ್ತದ್ದು ಹೀಗೆ.

ಸತ್ತವನು ಸೂಟು ತೊಳೆಯುವ ತೊಟ್ಟಿ ಆ ಬೆಂಚಿನಿಂದ ನಾಲ್ಕು ಹೆಜ್ಜೆ ದೂರ. ಆದರೂ ಅಪ್ಪನಿಗೆ ತಾನು ಸತ್ತ ಸುದ್ದಿ ಬಹಳ ದಿನ ತಿಳಿಯಲಿಲ್ಲ. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಪಕ್ಕದಲ್ಲೇ ದಿನವಿಡೀ ಅರಚುತ್ತಿತ್ತು, ಅಪ್ಪನಿಗೆ ಅಕ್ಷರದ ಗೊಡವೆ ಇರಲಿಲ್ಲ. ಒಂದು ದಿನ ಯಂತ್ರ ಕೆಟ್ಟು ನಿಂತಿತು. ಆವತ್ತು ತೊಟ್ಟಿಯ ಬಳಿ ಎಲ್ಲವೂ ಕೇಳಿಸಿತು.

ಸಂಜೆ ಮನೆಯಲ್ಲಿ ಮೂವರೂ ಊಟಕ್ಕೆ ಕೂತಿದ್ದರು. ಒಂದೂವರೆ ಕೋಣೆಯ ಮನೆ. ಕಾಲು ಚಾಚಿದರೆ ಒಬ್ಬರದು ಇನ್ನೊಬ್ಬರಿಗೆ ತಾಗುತ್ತದೆ.

"ಲೋ, ಒಂದು ಮಾತು" ಅಂದ ಅಪ್ಪ. "ನಾನು ಹೋಗಿದ್ದು ಬೆಳಿಗ್ಗೆನೋ ಸಂಜೆನೋ?"

ಗುಳ್ಳೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

"ಯಾಕಂದ್ರೆ ಮೊದಲನೇ ತಂಡಕ್ಕೆ ಸಂಜೆ ಅಂದೆ. ಎರಡನೇ ತಂಡಕ್ಕೆ ಬೆಳಗಿನ ಜಾವ ಅಂದೆ. ಸಾಯಿಸೋದಾದ್ರೆ ಒಂದು ಹೊತ್ತು ಗೊತ್ತು ಮಾಡ್ಕೊಂಡು ಸಾಯಿಸಪ್ಪ."

"ಯಾರು ಸತ್ತಿದ್ದು?" ಅಂದಳು ಅಮ್ಮ.

"ನಾನೇ ಕಣೆ. ನಿನಗೆ ಯಾರೂ ಹೇಳಿಲ್ವಾ?"

ವಿಷಯ ಪೂರ್ತಿ ಹೊರಬೀಳುವಷ್ಟರಲ್ಲಿ ಅಮ್ಮ ಮಗನ ಮುಂದಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಿದ್ದಳು. "ಕಟ್ಕೊಂಡ ಗಂಡ ಎದುರಿಗೆ ಕೂತು ಉಣ್ತಿರುವಾಗ ನನ್ನ ವಿಧವೆ ಮಾಡೋಕೆ ಏನು ಕೊಡ್ತಾರೋ ನಿನಗೆ?"

"ಸುಮ್ನೆ ಒಂದು ಕಥೆ ಅಮ್ಮ ಅದು. ಹೆಸರೇನೂ ಹೇಳಲ್ಲ."

"ಯಾಕೆ, ಹೆಸರು ಹೇಳು. ಮನೆ ವಿಳಾಸಾನೂ ಕೊಡು. ಬಂದು ನನ್ನ ಮಾತಾಡಿಸ್ಕೊಂಡು ಹೋಗ್ಲಿ."

ಅಪ್ಪ ತಟ್ಟೆಯನ್ನು ಮತ್ತೆ ಮಗನ ಮುಂದೆ ಸರಿಸಿದ. "ದೋಣಿ ಮಾರಿದ್ದು ನಾನು, ಮುಳುಗಿಸಿದ್ದು ಅವನು. ಅದಕ್ಕೆ ನನ್ನದೇನೂ ತಕರಾರಿಲ್ಲ. ಆದ್ರೆ ಗಾಳಿಗೆ ಸಿಕ್ಕಿ ಮುಳುಗಿಸ್ಕೊಂಡೆ ಅಂತೀಯಲ್ಲ, ಅದು ನನಗಾಗಲ್ಲ ಕಣೋ. ಹವಾ ನೋಡದೆ ಒಂದು ದಿನಾನೂ ದಡ ಬಿಟ್ಟವನಲ್ಲ ನಾನು. ದೋಣಿಕಾರ ಬದುಕಿದ್ದಾನೆ, ಅಗೋ ಅಲ್ಲಿ ಸೂಟು ತೊಳೀತಿದ್ದಾನೆ, ನಮ್ಮಪ್ಪ ಅಂತ ಹೇಳು. ಅಷ್ಟೇ ನಾನು ಕೇಳೋದು."

"ಆಯ್ತಪ್ಪ."

"ಆಮೇಲೆ ನನ್ನನ್ನೂ ಒಂದು ಸಲ ಕೆಳಗೆ ಕರ್ಕೊಂಡು ಹೋಗು. ಊರಿಗೆಲ್ಲ ತೋರಿಸ್ತೀಯ, ಸತ್ತವನಿಗೂ ತೋರಿಸು."

ಯಂತ್ರ ರಿಪೇರಿಯಾದ ದಿನ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಮಾಲೀಕನೂ ಇರಲಿಲ್ಲ. ತಾನೇ ತೊಳೆದ ಸೂಟುಗಳಲ್ಲಿ ಒಂದನ್ನು ಅಪ್ಪ ಆರಿಸಿಕೊಂಡ, ಮೂಸಿ ನೋಡಿಯೇ ತೊಟ್ಟ. ಆಯಸ್ಸೆಲ್ಲ ನೀರಿನ ಮೇಲೆ ಕಳೆದವನು ನೀರಿನ ಒಳಗನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುವ ಸ್ಥಿತಿ ಬಂತೆಂದರೆ ಅಲ್ಲಿಗೆ ಮುಗಿಯಿತು ಎಂದು ನಂಬಿದವರ ಕಸುಬು ಅವನದು. ಸೊಂಟಕ್ಕೆ ಸೀಸದ ಪಟ್ಟಿ ಬಿಗಿಯುವಾಗ "ಹೆಣಕ್ಕೆ ಕಲ್ಲು ಕಟ್ಟಿದ ಹಾಗಿದೆಯಲ್ಲೋ" ಅಂದ. ಆಮೇಲೆ ಉಸಿರಿನ ಕೊಳವೆಯನ್ನು ಬಾಯಿಗಿಟ್ಟುಕೊಂಡ, ಮಾತು ನಿಂತಿತು.

ಗುಳ್ಳೆ ಎಲ್ಲರಿಗೂ ಮಾಡುವಂತೆಯೇ ಅಪ್ಪನ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡು ಇಳಿದ. ಅಪ್ಪನ ಬಾಯಿಂದ ಗುಳ್ಳೆಗಳು ಕೊಪ್ಪರಿಗೆ ಕುದಿದಂತೆ ಏಳುತ್ತಿದ್ದವು. ಹೆಸರು ಯಾರ ಕಡೆಯಿಂದ ಬಂತೆಂದು ಗುಳ್ಳೆಗೆ ಆವತ್ತು ತಿಳಿಯಿತು. ಹಸಿರು ಮಬ್ಬಿನಿಂದ ದೋಣಿ ಮೆಲ್ಲಗೆ ಮೂಡಿತು. ಮೀನು ಹಾಕುತ್ತಿದ್ದ ಗುಂಡಿಯಲ್ಲಿ ಮೀನುಗಳು ತಾವಾಗಿಯೇ ಬಂದು ವಾಸವಾಗಿದ್ದವು. ಅಪ್ಪ ಹಿಂಬದಿಯ ಹಲಗೆಯನ್ನು ತಡವಿ, ಅದರ ಮೇಲೆ ಕೂತ. ಬಲಗೈ ತಾನಾಗಿ ಪಕ್ಕಕ್ಕೆ ಹೋಗಿ ಚುಕ್ಕಾಣಿಯ ಜಾಗದಲ್ಲಿ ಬರೀ ನೀರನ್ನು ಹಿಡಿಯಿತು.

ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದ. ಆಮೇಲೆ ಬಗ್ಗಿ, ದೋಣಿಯೊಳಗಿಂದ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅಂಚಿನಾಚೆ ಬಿಟ್ಟ. ಮರಳು ಹೊಗೆಯ ಹಾಗೆ ಎದ್ದಿತು. ಇನ್ನೊಂದು ಕಲ್ಲು ಎತ್ತಿದ. ಮತ್ತೊಂದಕ್ಕೆ ಬಗ್ಗಿದ. ಗುಳ್ಳೆ ಸಾಕು ಎಂದು ಸನ್ನೆ ಮಾಡಿದ, ಮೇಲೆ ಹೋಗೋಣ ಎಂದು ಹೆಬ್ಬೆರಳು ತೋರಿಸಿದ, ಗಾಳಿಯ ಮೀಟರಿನ ಮುಳ್ಳು ಕೆಂಪಿಗೆ ಇಳಿದಿರುವುದನ್ನು ಅವನ ಕಣ್ಣಿನ ಮುಂದೆ ಹಿಡಿದ. ಅಪ್ಪ ನೋಡಲಿಲ್ಲ. ಕೊನೆಗೆ ಗುಳ್ಳೆ ಹಠ ಹಿಡಿದ ಗಿರಾಕಿಯನ್ನು ಎಳೆಯುವಂತೆ ಅವನನ್ನು ಸಿಲಿಂಡರಿನ ಕುತ್ತಿಗೆ ಹಿಡಿದೇ ಮೇಲಕ್ಕೆ ಎಳೆದುಕೊಂಡು ಬಂದ.

ಮಾಸ್ಕು ತೆಗೆದಾಗ ಅಪ್ಪನ ಮೂಗಿನಿಂದ ಸ್ವಲ್ಪ ರಕ್ತ ಬಂದಿತ್ತು.

"ಇನ್ನೂ ಎಷ್ಟೊಂದು ಕಲ್ಲಿದೆಯೋ ಅದರೊಳಗೆ" ಅಂದ.

ಮಾರನೆಯ ಬೆಳಿಗ್ಗೆ ಗುಳ್ಳೆ ಕೊಟ್ಟ ಮಾತು ಉಳಿಸಿಕೊಂಡ. ಬೆಂಚಿನ ಮೇಲೆ ಗಂಡ, ಹೆಂಡತಿ, ಬೆಳೆದ ಇಬ್ಬರು ಹೆಣ್ಣುಮಕ್ಕಳು. "ಗಾಳಿಯೂ ಇಲ್ಲ, ಮಳೆಯೂ ಇಲ್ಲ, ನಮ್ಮ ಅಂಗಡಿಯವರೇ ಮುಳುಗಿಸಿದ್ದು. ದೋಣಿಕಾರ ಗಟ್ಟಿಮುಟ್ಟಾಗಿದ್ದಾರೆ. ಅಗೋ, ಅಲ್ಲಿ ಸೂಟು ತೊಳೀತಿದ್ದಾರಲ್ಲ, ಅವರೇ. ನಮ್ಮಪ್ಪ."

ನಾಲ್ವರೂ ತಿರುಗಿ ನೋಡಿದರು. ಅಪ್ಪ ನೆಟ್ಟಗೆ ನಿಂತು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಲು ಸಿದ್ಧನಾದ. ಯಾರೂ ಮಾತಾಡಿಸಲಿಲ್ಲ.

"ಬೋರ್ಡಲ್ಲಿ ಬೇರೆ ಥರ ಬರೆದಿದೆಯಲ್ಲ" ಅಂದ ಗಂಡ.

"ಅಲ್ಲೆಲ್ಲ ಸುಳ್ಳು ಬರೆಯೋದೇ ರೀ ಇವ್ರು. ಗಾಳೀನಾದ್ರೂ ಸರಿಯಾಗಿ ತುಂಬಿರ್ತಾರೋ ಇಲ್ವೋ" ಅಂದಳು ಹೆಂಡತಿ.

ಅವರು ಎದ್ದು ಪಕ್ಕದ ಅಂಗಡಿಗೆ ಹೋದರು. ನಿಜ ಹೇಳಿದ್ದಕ್ಕೆ ಸಿಕ್ಕ ಮೊದಲ ಬಿರುದು ಸುಳ್ಳ ಎಂಬುದು. ಮಾಲೀಕ ಒಳಗಿಂದ ನಿಧಾನವಾಗಿ ಬಂದ, ಬೈಯಲಿಲ್ಲ. "ಬದುಕಿರೋ ದೋಣಿಕಾರನ್ನ ನೋಡೋಕೆ ಯಾರಾದ್ರೂ ನೀರಿಗೆ ಇಳೀತಾರೇನೋ? ಬಂದರಿನ ಹತ್ರ ಬೇಕಾದಷ್ಟು ಬಿದ್ದಿರ್ತಾರೆ, ಬಿಟ್ಟಿಯಾಗಿ ನೋಡ್ಬಹುದು. ಈಗ ಇನ್ನೊಂದು ತಂಡ ಬರ್ತಿದೆ. ಸರಿಯಾಗಿ ಹೇಳು. ಆಗಲ್ಲ ಅಂದ್ರೆ ನಿನ್ನ ಸೂಟು ಬಿಚ್ಚಿ ನಿಮ್ಮಪ್ಪಂಗೆ ಕೊಟ್ಟು ಹೋಗು, ತೊಳೆದಿಡ್ತಾರೆ."

ಯಂತ್ರ ಇನ್ನೂ ಶುರುವಾಗಿರಲಿಲ್ಲ. ತೊಟ್ಟಿಯ ಬಳಿ ಎಲ್ಲವೂ ಕೇಳಿಸುತ್ತಿತ್ತು.

ಹೊಸ ತಂಡ ಬಂದು ಕೂತಿತು. ಗುಳ್ಳೆ ಮಾಸ್ಕಿನ ಪಾಠ ಹೇಳಿದ, ಕಿವಿಯ ಪಾಠ ಹೇಳಿದ, ಉಸಿರಿನ ಪಾಠವನ್ನು ಎರಡು ಸಲ ಹೇಳಿದ. ಹೇಳಲು ಬೇರೇನೂ ಉಳಿಯಲಿಲ್ಲ. ಮಾಲೀಕ ಬಾಗಿಲಿಗೆ ಒರಗಿ ನಿಂತಿದ್ದ. "ಕೆಳಗೆ ಒಂದು ದೋಣಿ ಇದೆ" ಎಂದು ಶುರುಮಾಡಿ ಗುಳ್ಳೆ ಅಲ್ಲೇ ನಿಂತ.

ತೊಟ್ಟಿಯ ಕಡೆಯಿಂದ ಅಪ್ಪ ಕೈ ಒರೆಸಿಕೊಳ್ಳುತ್ತಾ ಬಂದ.

"ಅವನು ಚಿಕ್ಕವನು, ಅವನಿಗೇನು ಗೊತ್ತು" ಅಂದ ಗಿರಾಕಿಗಳಿಗೆ. "ನಾನು ಹೇಳ್ತೀನಿ ಕೇಳಿ. ಆ ದೋಣಿಕಾರ ನನಗೆ ಗೊತ್ತಿದ್ದವನೇ. ಬೆಳಗಿನ ಜಾವ ಹೋದ. ಗಾಳಿ ತಿರುಗೋ ಲಕ್ಷಣ ಕಾಣ್ತಿತ್ತು. ಬೇಡವೋ ಅಂದ್ರೂ ಕೇಳ್ಲಿಲ್ಲ. ದುರಾಸೆ."

ಅಪ್ಪ ತನ್ನನ್ನು ಮುಳುಗಿಸಿದ. ಗುಳ್ಳೆಯ ಬಿರುಗಾಳಿ ಅದರ ಮುಂದೆ ಬೀಸಣಿಗೆಯ ಗಾಳಿ. ನೀರಿನ ಬಣ್ಣ ಮೊದಲು ಹೇಗೆ ಬದಲಾಯಿತು, ಹಗ್ಗ ಯಾವ ಕಡೆ ಬಿಗಿಯಿತು, ಎಂಜಿನ್ ಎಲ್ಲಿ ಕೆಮ್ಮಿ ನಿಂತಿತು, ಚುಕ್ಕಾಣಿಯನ್ನು ಮನುಷ್ಯ ಎಷ್ಟು ಹೊತ್ತು ಬಿಡದೆ ಹಿಡಿದಿರಬಲ್ಲ, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದ. ಏನೇ ಆದರೂ ಉಸಿರು ಕಟ್ಟಬೇಡಿ ಎಂದು ಈಗಷ್ಟೇ ಪಾಠ ಕೇಳಿದವರೆಲ್ಲ ಒಣ ನೆಲದ ಮೇಲೆ ಉಸಿರು ಕಟ್ಟಿ ಕೂತಿದ್ದರು. ಬಾಗಿಲಲ್ಲಿ ಮಾಲೀಕ ತೋಳು ಕಟ್ಟಿಕೊಂಡು ತಲೆಯಾಡಿಸುತ್ತಿದ್ದ.

ಅಲ್ಲಿಂದ ಮುಂದೆ ಕಥೆ ಹೇಳುವುದು ಅಪ್ಪನ ಕೆಲಸವಾಯಿತು. ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ ಬಂತು, ಸೂಟು ತೊಳೆಯಲು ಬೇರೆ ಆಳು ಬಂದ. ಗುಳ್ಳೆಯ ಕೆಲಸ ಉಳಿಯಿತು. ಮನೆಯಲ್ಲಿ ಆ ಮಾತೇ ಏಳುತ್ತಿರಲಿಲ್ಲ. ಒಂದು ಸಂಜೆ ಗುಳ್ಳೆ, "ಅಪ್ಪ, ನನಗೋಸ್ಕರ ನೀನು ಹಾಗೆಲ್ಲ..." ಎಂದು ಬಾಯಿ ತೆರೆದ. "ಉಣ್ಣು" ಅಂದ ಅಪ್ಪ. ಹಾಸ್ಯ ಮಾಡುವುದನ್ನೂ ಅವನು ಬಿಟ್ಟಿದ್ದ. ಅಮ್ಮ ಬಡಿಸುತ್ತಿದ್ದಳು, ಅಷ್ಟೇ.

ಆಮೇಲೊಂದು ದಿನ ಕಥೆ ಮುಗಿದ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕುರ್ಚಿಯ ಕಡೆ ಬಗ್ಗಿ, "ಪಾಪ, ಆ ದೋಣಿಯವರಿಗೆ ಮಕ್ಕಳು ಮರಿ ಇರಲಿಲ್ವಾ?" ಎಂದು ಕೇಳಿದರು.

ಗುಳ್ಳೆ ಹಿಂದೆಯೇ ಕೂತು ಅವರ ಸಿಲಿಂಡರಿಗೆ ಕೊಳವೆ ಜೋಡಿಸುತ್ತಿದ್ದ. ಅಪ್ಪ ಆ ಕಡೆ ತಿರುಗಲಿಲ್ಲ.

"ಒಬ್ಬ ಮಗ ಇದ್ದ. ಅವತ್ತು ದೋಣೀಲಿ ಅವನೂ ಇದ್ದ."

"ಅಯ್ಯೋ. ಅವನೂ ಹೋದನಾ?"

"ಅವನೇ ಮೊದಲು ಹೋದದ್ದು" ಅಂದ ಅಪ್ಪ.

ಗುಳ್ಳೆ ಕೊಳವೆಯ ತಿರುಪನ್ನು ಬಿಗಿ ಮಾಡಿದ, ಗಾಳಿ ಬರುತ್ತಿದೆಯೇ ಎಂದು ಎರಡು ಸಲ ಉಸಿರೆಳೆದು ನೋಡಿದ, ಬರುತ್ತಿತ್ತು. ಆಕೆಯ ಸಿಲಿಂಡರಿನ ಕುತ್ತಿಗೆ ಹಿಡಿದು ಕೆಳಗಿಳಿಸಿ, ದೋಣಿಯ ಸುತ್ತ ಒಂದು ಸುತ್ತು ತಿರುಗಿಸಿ, ಹಿಂಬದಿಯ ಹಲಗೆಯ ಬಳಿ ನಿಲ್ಲಿಸಿ ಜೊತೆಯವನಿಂದ ಫೋಟೋ ಹೊಡೆಸಿದ. ಕೈ ಬಂತು, ಮುಖ ಬರಲಿಲ್ಲ.

ದಡಕ್ಕೆ ಬಂದ ಮೇಲೆ ಆಕೆ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾ, "ಆ ಹುಡುಗನ್ನೇ ನೆನೆಸ್ಕೊಳ್ತಿದ್ದೆ ಕಣಪ್ಪ ಕೆಳಗೆ" ಅಂದರು. "ಎಷ್ಟು ವಯಸ್ಸಿತ್ತಂತೆ ಅವನಿಗೆ?"

"ನನ್ನಷ್ಟೇ ಅಂತೆ ಮೇಡಂ" ಎಂದು ಗುಳ್ಳೆ ಅವರ ಸೂಟಿನ ಜಿಪ್ಪನ್ನು ಇಳಿಸಿಕೊಟ್ಟ.